ಮಲೆನಾಡಿನ ರಸ್ತೆಗೆ ಯಾವ ಆರ್‌15? ವಿ1ರಿಂದ ವಿ4ರವರೆಗೆ ಒಂದು ಹೋಲಿಕೆ

ಯಮಹಾ ಆರ್‌15 ಎಂಬ ಸ್ಪೋರ್ಟ್ಸ್ ಬೈಕು ಮೊದಲ ಸಲ ರಸ್ತೆಗೆ ಇಳಿದಿದ್ದು 2008ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ವಿ1, ವಿ2, ವಿ3, ವಿ4 ಎಂದು ನಾಲ್ಕು ತಲೆಮಾರು ಆಯಿತು. ಚಿಕ್ಕಮಗಳೂರಿನಲ್ಲಿ ಈಗಲೂ ನಾಲ್ಕೂ ಓಡುತ್ತಿವೆ. ಎಐಟಿ ಕಾಲೇಜಿನ ಪಾರ್ಕಿಂಗ್‌ನಲ್ಲಿ ವಿ4 ನಿಂತಿರುತ್ತದೆ. ಆಲ್ದೂರಿನ ಕಡೆ ಹೋದರೆ ಯಾರದೋ ಮನೆಯ ಅಂಗಳದಲ್ಲಿ ಕೆಂಪು ಬಣ್ಣದ ಹಳೇ ವಿ1 ಸಿಗುತ್ತದೆ. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಇಳಿದರೆ ನಾಲ್ಕೂ ಕೈಗೆಟಕುತ್ತವೆ. ಗೊಂದಲ ಶುರುವಾಗುವುದು ಅಲ್ಲೇ.

"ಕೈಯಲ್ಲಿ ಎಷ್ಟು ದುಡ್ಡಿದೆಯೋ ಅದಕ್ಕೆ ಸಿಗುವ ಅತಿ ಹೊಸದನ್ನು ತಗೋ" ಎಂದು ಎಲ್ಲರೂ ಸುಲಭವಾಗಿ ಹೇಳಿಬಿಡುತ್ತಾರೆ. ಬೆಂಗಳೂರಿನಲ್ಲಿ ಇರುವವರಿಗೆ ಆ ಮಾತು ಸರಿ ಇರಬಹುದು. ನಮ್ಮ ಕಡೆಗೆ ಅದು ಸಾಲದು. ಇಲ್ಲಿ ವರ್ಷದಲ್ಲಿ ನಾಲ್ಕು ತಿಂಗಳು ರಸ್ತೆ ಒದ್ದೆ. ಮುಖ್ಯ ರಸ್ತೆ ಬಿಟ್ಟರೆ ತೋಟದ ದಾರಿ. ಮನೆಗೊಂದೇ ಬೈಕು, ಅದರಲ್ಲೇ ಅಮ್ಮನನ್ನು ಪೇಟೆಗೂ ಕರೆದುಕೊಂಡು ಹೋಗಬೇಕು. ಇದನ್ನೆಲ್ಲ ಲೆಕ್ಕಕ್ಕೆ ತಗೊಂಡರೆ ಉತ್ತರ ಬದಲಾಗುತ್ತದೆ.

ಒಂದು ಲೆಕ್ಕ ಮೊದಲು ನೋಡೋಣ. ವಿ1ರ ಶಕ್ತಿ 17 ಪಿಎಸ್ (ಅಶ್ವಶಕ್ತಿಯ ಅಳತೆ), ಪೆಟ್ರೋಲ್, ಆಯಿಲ್ ತುಂಬಿದ ತೂಕ 131 ಕೆಜಿ. ವಿ4ರ ಶಕ್ತಿ 18.4 ಪಿಎಸ್, ತೂಕ 142 ಕೆಜಿ. ಭಾಗಿಸಿ ನೋಡಿದರೆ ಎರಡಕ್ಕೂ ಒಂದು ಟನ್ ತೂಕಕ್ಕೆ ಸುಮಾರು 130 ಪಿಎಸ್ ಬರುತ್ತದೆ. ಹದಿಮೂರು ವರ್ಷದ ಅಂತರ, ಆದರೂ ಕೆಜಿಗೆ ಸಿಗುವ ಎಳೆತ ಅಷ್ಟೇ! ಹಾಗಾದರೆ ಬದಲಾಗಿದ್ದು ಏನು? ಟೈರು ಅಗಲವಾಯಿತು. ಬ್ರೇಕು ದೊಡ್ಡದಾಯಿತು. ಜೋರಾಗಿ ಬ್ರೇಕ್ ಹಿಡಿದರೂ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಬಂತು. ಆಮೇಲೆ ಹಿಂಚಕ್ರ ಇದ್ದಲ್ಲೇ ತಿರುಗದಂತೆ ನೋಡಿಕೊಳ್ಳುವ ಟ್ರಾಕ್ಷನ್ ಕಂಟ್ರೋಲ್ ಬಂತು. ಗಾಡಿಯನ್ನು ಹಿಡಿತದಲ್ಲಿ ಇಟ್ಟುಕೊಳ್ಳುವ ಶಕ್ತಿ ಬೆಳೆಯಿತು. ಅದರ ಜೊತೆಗೇ ಕೂರುವ ಸುಖ ಕಡಿಮೆಯಾಗುತ್ತಾ ಬಂತು. ಆರ್‌15 ಆರಿಸುವುದು ಅಂದರೆ ಹಿಡಿತ ಮತ್ತು ಸುಖ ಇವೆರಡರ ನಡುವೆ ನಿಮಗೆ ಎಲ್ಲಿ ನಿಲ್ಲಬೇಕು ಎಂದು ತೀರ್ಮಾನಿಸುವುದು. ವೇಗದ ಮಾತು ಆಮೇಲಿನದು.

ವಿ1: ಎಲ್ಲಕ್ಕೂ ಬುನಾದಿ

2008ರ ಜೂನ್‌ನಲ್ಲಿ ಇದು ಬಂದಾಗ ಬೆಲೆ ಶೋರೂಮಿನಲ್ಲಿ ಒಂದು ಲಕ್ಷದ ಒಳಗಿತ್ತು. 150 ಸಿಸಿ ಗಾಡಿಗೆ ಆ ಬೆಲೆ ಆಗ ಜಾಸ್ತಿಯೇ. ಆದರೆ ಒಳಗೆ ಇದ್ದದ್ದು ಬೇರೆಯದೇ ಸರಕು. ನೀರಿನಿಂದ ತಂಪಾಗುವ ಎಂಜಿನ್, ನಾಲ್ಕು ವಾಲ್ವ್, ಆರು ಗೇರ್, ಫ್ಯೂಯೆಲ್ ಇಂಜೆಕ್ಷನ್, ಹಿಂದೆ ಮುಂದೆ ಎರಡೂ ಡಿಸ್ಕ್ ಬ್ರೇಕ್. ಇಷ್ಟನ್ನೂ ಒಂದೇ ಗಾಡಿಯಲ್ಲಿ ಈ ಬೆಲೆಗೆ ನಮ್ಮ ದೇಶದಲ್ಲಿ ಅದಕ್ಕೆ ಮುಂಚೆ ಯಾರೂ ಕೊಟ್ಟಿರಲಿಲ್ಲ.

ಇದರ ಜೀವ ಇರುವುದು ಫ್ರೇಮಿನಲ್ಲಿ. ಡೆಲ್ಟಾಬಾಕ್ಸ್ ಎನ್ನುವ ಈ ವಿನ್ಯಾಸವನ್ನು ಯಮಹಾ 1980ರ ದಶಕದಲ್ಲಿ ರೇಸ್ ಗಾಡಿಗಳಿಗೆ ಮಾಡಿದ್ದು. ಹ್ಯಾಂಡಲ್ ತಿರುಗುವ ಜಾಗದಿಂದ ಹಿಂಚಕ್ರದ ತೋಳು ಕೂರುವ ಜಾಗಕ್ಕೆ ಎರಡು ದಪ್ಪ ತೊಲೆಗಳು ನೇರವಾಗಿ ಹೋಗುತ್ತವೆ. ಮಾಮೂಲಿ ಬೈಕಿನ ಪೈಪ್ ಫ್ರೇಮ್ ತಿರುವಿನಲ್ಲಿ ಸ್ವಲ್ಪ ತಿರುಚಿಕೊಳ್ಳುತ್ತದೆ. ಇದು ತಿರುಚಿಕೊಳ್ಳುವುದಿಲ್ಲ. ನೀವು ಹ್ಯಾಂಡಲ್‌ಗೆ ಹೇಳಿದ್ದು ಹಿಂಚಕ್ರಕ್ಕೆ ತಕ್ಷಣ ಗೊತ್ತಾಗುತ್ತದೆ. ಕೈಮರ ದಾಟಿ ಮುಳ್ಳಯ್ಯನಗಿರಿಯ ಕಡೆ ಹತ್ತುವಾಗ ತಿರುವಿನ ಮೇಲೆ ತಿರುವು ಬರುತ್ತದಲ್ಲ, ಅಲ್ಲಿ ಈ ಫ್ರೇಮಿನ ಬೆಲೆ ಅರ್ಥವಾಗುತ್ತದೆ. 2008ರಿಂದ ಇಂದಿನವರೆಗೆ ಯಮಹಾ ಈ ಒಂದು ವಿಷಯವನ್ನು ಕೈಬಿಟ್ಟಿಲ್ಲ.

ಎರಡು ಚಕ್ರಗಳ ನಡುವಿನ ಅಂತರ 1290 ಮಿಮೀ ಮಾತ್ರ. ನಾಲ್ಕರ ಪೈಕಿ ಇದೇ ಅತಿ ಚಿಕ್ಕದು. ಹಾಗಾಗಿ ಚಾರ್ಮಾಡಿಯ ಹೇರ್‌ಪಿನ್ ತಿರುವುಗಳಲ್ಲಿ ವಿ1 ಸಲೀಸಾಗಿ ತಿರುಗುತ್ತದೆ. ಸೀಟಿನ ಎತ್ತರ 790 ಮಿಮೀ, ಕುಳ್ಳಗಿರುವವರಿಗೂ ಕಾಲು ನೆಲಕ್ಕೆ ಸಿಗುತ್ತದೆ. ಸೀಟು ಒಂದೇ ಉದ್ದನೆಯದು. ಹಿಂದೆ ಕೂತವರು ಸವಾರನ ಬೆನ್ನಿಗೇ ಜಾರಿ ಬರುವುದಿಲ್ಲ.

ಕೊರತೆ ಇರುವುದು ಟೈರಿನಲ್ಲಿ. ಮುಂದೆ 80/90-17, ಹಿಂದೆ 100/80-17 (ಮೊದಲ ಅಂಕಿ ಟೈರಿನ ಅಗಲ, ಮಿಮೀ ಲೆಕ್ಕದಲ್ಲಿ). ಇಷ್ಟು ಒಳ್ಳೆಯ ಫ್ರೇಮಿಗೆ ಇಷ್ಟು ಸಣ್ಣ ಟೈರು ಕೊಟ್ಟಿದ್ದು ಆಗಲೂ ಜನರಿಗೆ ಹಿಡಿಸಲಿಲ್ಲ. ಕೆಲವರು ತಾವೇ ದಪ್ಪ ಟೈರು ಹಾಕಿಸಿಕೊಂಡರು. ಅಂಥ ಗಾಡಿ ಸಿಕ್ಕರೆ ಹುಷಾರಾಗಿ ನೋಡಿ. ರಿಮ್ಮಿನ ಅಗಲಕ್ಕೆ ಮೀರಿದ ಟೈರು ಹಾಕಿದರೆ ಅದರ ಆಕಾರವೇ ಕೆಡುತ್ತದೆ, ವಾಲುವಾಗ ಹಿಡಿತ ಹೆಚ್ಚುವ ಬದಲು ಕಡಿಮೆಯಾಗುತ್ತದೆ.

ಇನ್ನೊಂದು ವಿಷಯ ಕಾಗದದ್ದು. ಖಾಸಗಿ ಗಾಡಿಯ ಆರ್‌ಸಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. 2008ರಿಂದ 2011ರವರೆಗೆ ಬಂದ ವಿ1ಗಳ ಗಡುವು ಮುಗಿದಿದೆ, ಇಲ್ಲವೇ ಮುಗಿಯುವ ಹೊತ್ತು. ಆರ್‌ಟಿಒದಲ್ಲಿ ಗಾಡಿ ತೋರಿಸಿ ಐದು ವರ್ಷಕ್ಕೆ ನವೀಕರಿಸಬೇಕು, ಜೊತೆಗೆ ಹಸಿರು ತೆರಿಗೆ ಕಟ್ಟಬೇಕು. ನವೀಕರಣ ಆಗದ ಗಾಡಿಯನ್ನು "ನೀವೇ ಮಾಡಿಸ್ಕೊಳ್ಳಿ, ಏನೂ ತೊಂದರೆ ಇಲ್ಲ" ಎಂದು ಮಾರಲು ಬಂದರೆ ಒಪ್ಪಬೇಡಿ. ಮಾರುವವರೇ ಮಾಡಿಸಿ ಕೊಡಲಿ. ಆಮೇಲೆ ದುಡ್ಡು ಕೊಡಿ.

ವಿ2: ಟೈರು ಸರಿಹೋಯಿತು, ಸೀಟು ಕೆಟ್ಟಿತು

2011ರ ಸೆಪ್ಟೆಂಬರ್‌ನಲ್ಲಿ ವಿ2 ಬಂತು. ಎಂಜಿನ್ ಅದೇ 149 ಸಿಸಿ, ಅದೇ 17 ಪಿಎಸ್. ಬದಲಾಗಿದ್ದು ಕೆಳಗಿನ ಭಾಗ. ಹಿಂಚಕ್ರದ ತೋಳು ಅಲ್ಯೂಮಿನಿಯಂನದಾಯಿತು, ಉದ್ದವಾಯಿತು. ಚಕ್ರಗಳ ಅಂತರ 1345 ಮಿಮೀಗೆ ಏರಿತು. ಹಿಂದೆ 130/70 ರೇಡಿಯಲ್ ಟೈರು, ಮುಂದೆ 90/80. ತೂಕ 136 ಕೆಜಿ.

ವೇಗದ ತಿರುವಿನಲ್ಲಿ ವಿ2 ವಿ1ಗಿಂತ ಗಟ್ಟಿಯಾಗಿ ನಿಲ್ಲುತ್ತದೆ. ಹಾಸನದಿಂದ ಸಕಲೇಶಪುರಕ್ಕೆ ಹೋಗುವಂಥ ಅಗಲ ರಸ್ತೆಯಲ್ಲಿ ಇದು ಆರಾಮ. ಇಕ್ಕಟ್ಟಾದ ಘಟ್ಟದಲ್ಲಿ ಮಾತ್ರ ವಿ1ರ ಚುರುಕು ಸ್ವಲ್ಪ ಕಡಿಮೆ ಎನಿಸುತ್ತದೆ. ಅದು ಆ ಐವತ್ತೈದು ಮಿಮೀ ಉದ್ದದ ಪರಿಣಾಮ.

ನನಗೆ ವಿ2ರಲ್ಲಿ ಬೇಸರ ಸೀಟಿನ ಬಗ್ಗೆ. ಎರಡು ತುಂಡಾಯಿತು, ಹಿಂದಿನದು ಎತ್ತರಕ್ಕೆ ಏರಿತು. ಸೀರೆ ಉಟ್ಟವರು ಅದರ ಮೇಲೆ ಒಂದೇ ಕಡೆ ಕಾಲು ಹಾಕಿ ಕೂತು ಮೂಡಿಗೆರೆಗೆ ಹೋಗಿಬರುವುದು ಕಷ್ಟದ ಕೆಲಸ. ಈ ದೂರು ಯಮಹಾದವರ ಕಿವಿಗೂ ಬಿದ್ದಿರಬೇಕು. 2015ರಲ್ಲಿ ಒಂದೇ ಸೀಟಿನ ಆರ್‌15 ಎಸ್ ಎಂಬ ಮಾದರಿಯನ್ನು ಬೇರೆಯಾಗಿ ತಂದರು. ಸೆಕೆಂಡ್ ಹ್ಯಾಂಡ್‌ನಲ್ಲಿ ವಿ2 ಹುಡುಕುವ ಸಂಸಾರಸ್ಥರು ಮೊದಲು ಈ ಎಸ್ ಸಿಗುತ್ತದಾ ನೋಡಬೇಕು. ವಿ2ರ ಟೈರು, ಫ್ರೇಮು ಎಲ್ಲ ಇದೆ. ಸೀಟಿನ ಕಾಟ ಇಲ್ಲ.

ವಿ3: ನಿಜವಾದ ಜಿಗಿತ

ವಿ3ನ್ನು ಮೊದಲು ತೋರಿಸಿದ್ದು 2017ರ ಜನವರಿಯಲ್ಲಿ, ಇಂಡೋನೇಷ್ಯಾದಲ್ಲಿ. ನಮ್ಮಲ್ಲಿಗೆ ಬಂದಿದ್ದು 2018ರ ಫೆಬ್ರುವರಿಯ ಆಟೋ ಎಕ್ಸ್‌ಪೋದಲ್ಲಿ. ದೆಹಲಿ ಶೋರೂಮ್ ಬೆಲೆ 1.25 ಲಕ್ಷ. ಇಂಡೋನೇಷ್ಯಾದ ಗಾಡಿಗೆ ತಲೆಕೆಳಗಾದ ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಶಾಕ್ ಕೊಳವೆಗಳು) ಇತ್ತು. ನಮಗೆ ಮಾಮೂಲಿ ಫೋರ್ಕ್ ಕೊಟ್ಟು ಬೆಲೆ ಇಳಿಸಿದರು. ಆಗ ಇದರ ಬಗ್ಗೆ ದೊಡ್ಡ ಗಲಾಟೆಯೇ ಆಯಿತು. ಆದರೆ ನಮ್ಮ ರಸ್ತೆಗಳ ಮೇಲೆ ಮಾಮೂಲಿ ಫೋರ್ಕ್ ಏನೂ ಕಳಪೆ ಅಲ್ಲ. ಹೊಂಡ ತುಂಬಿದ ದಾರಿಯಲ್ಲಿ ಆಯಿಲ್ ಸೀಲ್ ಹೋದರೆ ರಿಪೇರಿಯೂ ಸುಲಭ.

ಎಂಜಿನ್ 155 ಸಿಸಿ ಆಯಿತು. ಸಿಸಿ ಹೆಚ್ಚಿದ್ದು ಐದೋ ಆರೋ. ದೊಡ್ಡ ಬದಲಾವಣೆ ವಿವಿಎ (ವೇರಿಯಬಲ್ ವಾಲ್ವ್ ಆಕ್ಚುಯೇಷನ್). ಎಂಜಿನ್ ಒಳಗೆ ಗಾಳಿ ಬಿಡುವ ವಾಲ್ವ್‌ಗೆ ಅದನ್ನು ಒತ್ತಿ ತೆರೆಯುವ ಎರಡು ಬಗೆಯ ಉಬ್ಬು, ಅಂದರೆ ಕ್ಯಾಮ್, ಇದೆ. ಕಡಿಮೆ ಆರ್‌ಪಿಎಂನಲ್ಲಿ ಒಂದು ಕ್ಯಾಮ್ ವಾಲ್ವನ್ನು ಸ್ವಲ್ಪ ತೆರೆಯುತ್ತದೆ. 7,400 ಆರ್‌ಪಿಎಂ ಮುಟ್ಟಿದಾಗ ಒಂದು ಪಿನ್ ಸರಿದು ಇನ್ನೊಂದು ಕ್ಯಾಮ್ ಕೆಲಸಕ್ಕೆ ಇಳಿಯುತ್ತದೆ, ವಾಲ್ವ್ ಜಾಸ್ತಿ ತೆರೆಯುತ್ತದೆ. ಸಣ್ಣ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಕೆಳಗೆ ಎಳೆತ ಕೊಟ್ಟರೆ ಮೇಲೆ ಇರುವುದಿಲ್ಲ, ಮೇಲೆ ಕೊಟ್ಟರೆ ಕೆಳಗೆ ಇರುವುದಿಲ್ಲ. ಇಲ್ಲಿ ಎರಡೂ ಸಿಗುತ್ತದೆ. ಹತ್ತು ಸಾವಿರ ಆರ್‌ಪಿಎಂನಲ್ಲಿ 19.3 ಪಿಎಸ್. ಮೊದಲ ವಿ3ರ ತೂಕ 137 ಕೆಜಿ. ಟನ್ನಿನ ಲೆಕ್ಕದಲ್ಲಿ 141 ಪಿಎಸ್ ಹತ್ತಿರ. ನಾಲ್ಕು ತಲೆಮಾರಿನಲ್ಲಿ ಇದೇ ಅತಿ ಹೆಚ್ಚು.

ಘಟ್ಟದಲ್ಲಿ ಇದರ ಅನುಭವ ಹೇಗೆ? ಹತ್ತುವಾಗ ಮುಂದೆ ಒಂದು ಬಸ್ಸು ಇದೆ ಅಂದುಕೊಳ್ಳಿ. ಹಿಂದಿಕ್ಕಲು ಸಿಗುವುದು ಚಿಕ್ಕ ನೇರ ದಾರಿ. ವಿ1, ವಿ2ರಲ್ಲಿ ಒಂದು ಗೇರ್ ಇಳಿಸಿ, ಎಂಜಿನ್ ಕೂಗಿಸಿ, ಮುಗಿಯಿತಾ ಇಲ್ಲವಾ ಎಂದು ಉಸಿರು ಹಿಡಿಯಬೇಕು. ವಿ3ರಲ್ಲಿ ಏಳು ಸಾವಿರ ದಾಟಿದ ಮೇಲೆ ಇನ್ನೊಂದು ತಳ್ಳು ಸಿಗುತ್ತದೆ. ಬಸ್ಸು ಹಿಂದೆ ಉಳಿಯುತ್ತದೆ.

ಇಳಿಯುವಾಗ ಕೆಲಸ ಮಾಡುವುದು ಸ್ಲಿಪ್ಪರ್ ಕ್ಲಚ್. ಇದರ ಬಗ್ಗೆ ಜಾಸ್ತಿ ಜನ ಮಾತಾಡುವುದಿಲ್ಲ, ನನಗೆ ವಿ3ರಲ್ಲಿ ತುಂಬಾ ಇಷ್ಟವಾದ ಭಾಗ ಇದೇ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ಬ್ರೇಕ್ ಮೇಲೆ ಭಾರ ಬೀಳದಿರಲಿ ಎಂದು ಎಲ್ಲರೂ ಗೇರ್ ಇಳಿಸಿ ಎಂಜಿನ್ ಹಿಡಿತದಲ್ಲೇ ಇಳಿಯುತ್ತಾರೆ, ಇಳಿಯಲೂಬೇಕು. ಒದ್ದೆ ರಸ್ತೆಯಲ್ಲಿ ಮೂರರಿಂದ ಎರಡಕ್ಕೆ ಅವಸರದಲ್ಲಿ ಇಳಿಸಿದರೆ ಹಿಂಚಕ್ರ ಒಂದು ಕ್ಷಣ ಹಿಡಿದುಕೊಂಡು ಎಗರುತ್ತದೆ. ಅದೇ ಕ್ಷಣದಲ್ಲಿ ಗಾಡಿ ವಾಲಿದ್ದರೆ ಜಾರುತ್ತದೆ. ಸ್ಲಿಪ್ಪರ್ ಕ್ಲಚ್ ಆ ಹೆಚ್ಚುವರಿ ಹೊಡೆತವನ್ನು ಸ್ವಲ್ಪ ಜಾರಿಸಿ ಬಿಟ್ಟುಬಿಡುತ್ತದೆ. ಚಕ್ರ ಉರುಳುತ್ತಲೇ ಇರುತ್ತದೆ. ಕ್ಲಚ್ ಹಿಡಿಕೆಯೂ ಹಗುರ. ಸಂತೆಯ ದಿನ ಪೇಟೆಯೊಳಗೆ ನಿಂತು ನಿಂತು ಹೋಗುವಾಗ ಎಡಗೈ ನೋಯುವುದಿಲ್ಲ.

ಟೈರು ಮುಂದೆ 100/80, ಹಿಂದೆ 140/70. ಮುಂದಿನ ಡಿಸ್ಕ್ 267ರಿಂದ 282 ಮಿಮೀಗೆ ಬೆಳೆಯಿತು. ನೆಲದಿಂದ ಎತ್ತರ 160ರಿಂದ 170 ಮಿಮೀ ಆಯಿತು. ತೋಟದ ದಾರಿಯಲ್ಲಿ ಮಧ್ಯದ ದಿಬ್ಬಕ್ಕೆ ಹೊಟ್ಟೆ ತಾಗುವುದು ಇದರಿಂದ ಕಡಿಮೆ. ಆದರೆ ಸೀಟು 815 ಮಿಮೀಗೆ ಏರಿತು, ಪೆಟ್ರೋಲ್ ಟ್ಯಾಂಕ್ 12 ಲೀಟರ್‌ನಿಂದ 11ಕ್ಕೆ ಇಳಿಯಿತು. ಹ್ಯಾಂಡಲ್ ತಗ್ಗಿತು. ಇಳಿಜಾರಿನಲ್ಲಿ ಇಡೀ ಮೈಭಾರ ಮಣಿಕಟ್ಟಿನ ಮೇಲೆ. ಇಪ್ಪತ್ತರ ಹುಡುಗರಿಗೆ ಇದು ಗೊತ್ತೇ ಆಗುವುದಿಲ್ಲ. ನಲವತ್ತು ದಾಟಿದವರು ಘಟ್ಟ ಇಳಿದ ಮೇಲೆ ಕೈ ಕೊಡವಿಕೊಳ್ಳುತ್ತಾರೆ.

ವಿ3 ಅಂದರೆ ಒಂದೇ ಗಾಡಿ ಅಲ್ಲ

ಈ ಭಾಗ ಗಮನಕೊಟ್ಟು ಓದಿ. ವಿ3 ಹೆಸರಿನಲ್ಲಿ ಮೂರು ಬೇರೆ ಬೇರೆ ಗಾಡಿಗಳು ಮಾರಾಟವಾಗಿವೆ. 125 ಸಿಸಿಗಿಂತ ದೊಡ್ಡ ಬೈಕುಗಳಿಗೆ ಎಬಿಎಸ್ ಕಡ್ಡಾಯ ಎಂಬ ನಿಯಮ ಹೊಸ ಮಾದರಿಗಳಿಗೆ 2018ರ ಏಪ್ರಿಲ್‌ನಿಂದ, ಎಲ್ಲ ಗಾಡಿಗಳಿಗೆ 2019ರ ಏಪ್ರಿಲ್‌ನಿಂದ ಬಂತು. ವಿ3 ಬಿಡುಗಡೆಯಾಗಿದ್ದು ಫೆಬ್ರುವರಿಯಲ್ಲಿ. ಹಾಗಾಗಿ 2018ರ ವಿ3ರಲ್ಲಿ ಎಬಿಎಸ್ ಇಲ್ಲ. 2019ರ ಜನವರಿಯಲ್ಲಿ ಎರಡೂ ಚಕ್ರಕ್ಕೆ ಎಬಿಎಸ್ ಇರುವ ವಿ3 ಬಂತು. ತೂಕ ಎರಡು ಕೆಜಿ ಹೆಚ್ಚಿತು, ಶಕ್ತಿ ಅಷ್ಟೇ. ಆಮೇಲೆ 2019ರ ಡಿಸೆಂಬರ್‌ನಲ್ಲಿ ಬಿಎಸ್4 ಬದಲಿಗೆ ಬಂದ ಹೊಸ ಹೊಗೆ ನಿಯಮ ಬಿಎಸ್6ಕ್ಕೆ ತಕ್ಕ ವಿ3. ಶಕ್ತಿ 18.6 ಪಿಎಸ್‌ಗೆ ಇಳಿಯಿತು, ತೂಕ 142 ಕೆಜಿಗೆ ಏರಿತು. ಆದರೆ ಹಿಂದೆ ರೇಡಿಯಲ್ ಟೈರು ಬಂತು, ಸೈಡ್ ಸ್ಟ್ಯಾಂಡ್ ಹಾಕಿದ್ದರೆ ಗೇರಿಗೆ ಹಾಕಿದಾಗ ಎಂಜಿನ್ ನಿಲ್ಲುವ ವ್ಯವಸ್ಥೆಯೂ ಬಂತು.

ಮಲೆನಾಡಿನವರು 2018ರ ವಿ3 ತಗೊಳ್ಳಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಕಾರಣ ಮಳೆ. ಜುಲೈ, ಆಗಸ್ಟ್‌ನಲ್ಲಿ ನಮ್ಮ ರಸ್ತೆಯ ಮೇಲೆ ಏನೇನು ಇರುತ್ತದೆ ಯೋಚಿಸಿ. ಸಿಲ್ವರ್ ಓಕ್ ಎಲೆ ಕೊಳೆತು ಅಂಟಿಕೊಂಡಿರುತ್ತದೆ. ಬಿಸಿಲು ಬೀಳದ ತಿರುವಿನಲ್ಲಿ ಪಾಚಿ. ತೋಟದಿಂದ ಹೊರಬಂದ ಟ್ರ್ಯಾಕ್ಟರ್ ಬಿಟ್ಟುಹೋದ ಕೆಂಪು ಮಣ್ಣು. ಇದ್ದಕ್ಕಿದ್ದಂತೆ ಮಂಜು ಇಳಿದು ಹತ್ತು ಮಾರು ದೂರದ ದನ ಕಾಣುವುದಿಲ್ಲ. ಕಂಡ ಕೂಡಲೇ ಬ್ರೇಕ್ ಹಿಡಿಯುತ್ತೀರಿ, ಎಷ್ಟು ಒಳ್ಳೆಯ ಸವಾರನಾದರೂ ಆ ಗಾಬರಿಯಲ್ಲಿ ಜೋರಾಗಿಯೇ ಹಿಡಿಯುತ್ತೀರಿ. ಎಬಿಎಸ್ ಇಲ್ಲದಿದ್ದರೆ ಮುಂದಿನ ಚಕ್ರ ಲಾಕ್ ಆಗುತ್ತದೆ. ಮುಂದಿನ ಚಕ್ರ ಲಾಕ್ ಆದ ಬೈಕನ್ನು ಉಳಿಸಿಕೊಳ್ಳುವುದು ತೀರಾ ಕಷ್ಟ. ಎಬಿಎಸ್ ಇದ್ದರೆ ಚಕ್ರ ಉರುಳುತ್ತದೆ, ಹ್ಯಾಂಡಲ್ ನಿಮ್ಮ ಮಾತು ಕೇಳುತ್ತದೆ. ಜಲ್ಲಿ ದಾರಿಯಲ್ಲಿ ಎಬಿಎಸ್‌ನಿಂದ ನಿಲ್ಲುವ ದೂರ ಸ್ವಲ್ಪ ಹೆಚ್ಚಬಹುದು, ಅದು ನಿಜ. ಆದರೂ ಡಾಂಬರಿನ ಮೇಲೆ ಅದು ಉಳಿಸುವ ಜೀವದ ಮುಂದೆ ಆ ಕೊರತೆ ಏನೂ ಅಲ್ಲ.

ವಿ1, ವಿ2 ಎರಡರಲ್ಲೂ ಎಬಿಎಸ್ ಇಲ್ಲ ಎಂಬುದೂ ಇದರಿಂದಲೇ ಮುಖ್ಯವಾಗುತ್ತದೆ. ಬಯಲುಸೀಮೆಯ ಕಡೂರು, ಅರಸೀಕೆರೆಯವರಿಗೆ ಇದು ಅಷ್ಟು ದೊಡ್ಡ ವಿಷಯ ಅಲ್ಲದಿರಬಹುದು. ಅಲ್ಲಿ ಮಳೆ ಕಡಿಮೆ, ರಸ್ತೆ ನೇರ. ಕೊಪ್ಪ, ಶೃಂಗೇರಿ, ಮೂಡಿಗೆರೆ, ಸಕಲೇಶಪುರದವರಿಗೆ ಇದೇ ಮೊದಲ ಪ್ರಶ್ನೆ.

ವಿ4: ಕಂಪ್ಯೂಟರ್ ಜೊತೆಗೂಡಿದ ಗಾಡಿ

2021ರ ಸೆಪ್ಟೆಂಬರ್‌ನಲ್ಲಿ ಬಂದ ವಿ4ರಲ್ಲಿ ಎಂಜಿನ್ ಅದೇ 155 ಸಿಸಿ. ಶಕ್ತಿ 18.4 ಪಿಎಸ್. ಟಾರ್ಕ್, ಅಂದರೆ ತಿರುಗಿಸುವ ಬಲ, 14.2 ಎನ್‌ಎಂ, ಅದು ಸಿಗುವುದು 7,500 ಆರ್‌ಪಿಎಂನಲ್ಲಿ. ಬಿಎಸ್6 ವಿ3ರಲ್ಲಿ ಅದು 8,500ಕ್ಕೆ ಸಿಗುತ್ತಿತ್ತು. ಒಂದು ಸಾವಿರ ಕೆಳಗೆ ಬಂದದ್ದು ನಮ್ಮಂಥ ಏರುದಾರಿಗೆ ಒಳ್ಳೆಯದೇ. ಪದೇ ಪದೇ ಗೇರ್ ಇಳಿಸುವುದು ತಪ್ಪುತ್ತದೆ.

ಇಂಡೋನೇಷ್ಯಾಕ್ಕೆ 2017ರಲ್ಲೇ ಸಿಕ್ಕಿದ್ದ ತಲೆಕೆಳಗಾದ ಫೋರ್ಕ್ ಕೊನೆಗೂ ನಮಗೂ ಬಂತು. ಕ್ವಿಕ್ ಶಿಫ್ಟರ್ ಕೆಲವು ಮಾದರಿಗಳಲ್ಲಿ ಇದೆ, ಕ್ಲಚ್ ಹಿಡಿಯದೆ ಗೇರ್ ಏರಿಸಬಹುದು. ಮೊಬೈಲ್ ಜೊತೆ ಬ್ಲೂಟೂತ್ ಸಂಪರ್ಕವೂ ಇದೆ. ಇವು ಇದ್ದರೆ ಚೆನ್ನ, ಇಲ್ಲದಿದ್ದರೂ ನಡೆಯುತ್ತದೆ.

ಟ್ರಾಕ್ಷನ್ ಕಂಟ್ರೋಲ್ ಮಾತ್ರ ಹಾಗಲ್ಲ. 18 ಪಿಎಸ್ ಗಾಡಿಗೆ ಟ್ರಾಕ್ಷನ್ ಕಂಟ್ರೋಲ್ ಯಾಕೆ ಎಂದು ಬಯಲಿನವರು ಕೇಳಬಹುದು. ಪಾಚಿ ಕಟ್ಟಿದ ಏರುದಾರಿಯಲ್ಲಿ ಮೊದಲ ಗೇರಿನಲ್ಲಿ ಹೊರಟು ನೋಡಿದವರು ಕೇಳುವುದಿಲ್ಲ. ಹಿಂಚಕ್ರ ಇದ್ದಲ್ಲೇ ತಿರುಗಲು ಶುರುವಾದ ತಕ್ಷಣ ಇದು ಎಂಜಿನ್ ಶಕ್ತಿಯನ್ನು ಕತ್ತರಿಸುತ್ತದೆ. ಕೆಸರಿನಲ್ಲಿ ಹೂತಾಗ ಮಾತ್ರ ಅದನ್ನು ಆಫ್ ಮಾಡಿಕೊಳ್ಳಿ, ಇಲ್ಲದಿದ್ದರೆ ಗಾಡಿ ಮೇಲೇಳುವುದೇ ಇಲ್ಲ.

ಹೆಡ್‌ಲೈಟ್ ಬಗ್ಗೆ ಒಂದು ಮಾತು. ವಿ1, ವಿ2ರಲ್ಲಿ ಹಳದಿ ಹ್ಯಾಲೋಜನ್. ವಿ3ರಿಂದ ಬಿಳಿ ಎಲ್‌ಇಡಿ. ವಿ4ರಲ್ಲಿ ಮಧ್ಯದಲ್ಲಿ ಒಂದೇ ಪ್ರೊಜೆಕ್ಟರ್ ದೀಪ. ಎಲ್‌ಇಡಿ ಬೆಳಕು ಒಣ ರಾತ್ರಿಯಲ್ಲಿ ಚೆನ್ನಾಗಿದೆ, ಬ್ಯಾಟರಿಯನ್ನೂ ಕಡಿಮೆ ತಿನ್ನುತ್ತದೆ. ದಟ್ಟ ಮಂಜಿನಲ್ಲಿ ಆ ಬಿಳಿ ಬೆಳಕು ತಿರುಗಿ ನಮ್ಮ ಕಣ್ಣಿಗೇ ಹೊಡೆಯುತ್ತದೆ. ಚಳಿಗಾಲದ ಬೆಳಗ್ಗೆ ಮತ್ತು ಮಳೆಗಾಲದ ಸಂಜೆ ಘಟ್ಟದಲ್ಲಿ ಓಡಾಡುವವರು ಒಂದು ಜೊತೆ ಹಳದಿ ಫಾಗ್ ಲ್ಯಾಂಪ್‌ಗೆ ದುಡ್ಡು ತೆಗೆದಿಡಿ.

ಬಿಡುಗಡೆಯಾದಾಗ ವಿ4ರ ಬೆಲೆ ದೆಹಲಿ ಶೋರೂಮಿನಲ್ಲಿ 1.68 ಲಕ್ಷದ ಹತ್ತಿರ. ಆಮೇಲೆ ಏರುತ್ತಾ ಬಂತು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಹೊಸ ಗಾಡಿ ಅಗ್ಗವಾದರೆ ಹಳೆಯದೂ ಅಗ್ಗವಾಗಬೇಕಲ್ವಾ? ಒಂದೆರಡು ವರ್ಷ ಓಡಿದ ವಿ4ಕ್ಕೆ ಹಳೇ ಬಿಲ್ ತೋರಿಸಿ ಬೆಲೆ ಹೇಳಿದರೆ, ಇವತ್ತಿನ ಶೋರೂಮ್ ಬೆಲೆ ಮುಂದಿಟ್ಟು ಚೌಕಾಸಿ ಮಾಡಿ.

ಎಂಟಿ-15 ನೆನಪಿರಲಿ

ವಿ3ರ ಎಂಜಿನ್, ಫ್ರೇಮನ್ನೇ ತೆಗೆದು, ಮೈ ಮುಚ್ಚುವ ಪ್ಲಾಸ್ಟಿಕ್ ಹೊದಿಕೆ ಅಂದರೆ ಫೇರಿಂಗ್ ಬಿಚ್ಚಿ, ಹ್ಯಾಂಡಲ್ ಎತ್ತರಿಸಿ ಯಮಹಾ 2019ರ ಮಾರ್ಚ್‌ನಲ್ಲಿ ಎಂಟಿ-15 ತಂದಿತು. ಬೆನ್ನು ನೆಟ್ಟಗೆ ಇರುತ್ತದೆ, ಮಣಿಕಟ್ಟಿಗೆ ಭಾರ ಇಲ್ಲ. ಬಿದ್ದರೆ ಒಡೆಯಲು ದುಬಾರಿ ಫೇರಿಂಗ್ ಇಲ್ಲ. ತೋಟದ ಕೆಲಸಕ್ಕೂ ಇದೇ ಗಾಡಿ, ಶನಿವಾರದ ಸುತ್ತಾಟಕ್ಕೂ ಇದೇ ಗಾಡಿ ಎನ್ನುವವರಿಗೆ ಆರ್‌15ಗಿಂತ ಇದು ಹೊಂದುತ್ತದೆ. ಮೊದಲ ಎಂಟಿ-15ರಲ್ಲಿ ಮುಂದಿನ ಚಕ್ರಕ್ಕೆ ಮಾತ್ರ ಎಬಿಎಸ್ ಇತ್ತು, ಟ್ಯಾಂಕ್ ಹತ್ತೇ ಲೀಟರ್. ಹಿಂದಿನ ಸೀಟು ಇಲ್ಲೂ ಹೇಳಿಕೊಳ್ಳುವಂತಿಲ್ಲ.

ಸೆಕೆಂಡ್ ಹ್ಯಾಂಡ್ ನೋಡುವಾಗ

ನಾಲ್ಕೂ ತಲೆಮಾರಿಗೆ ಅನ್ವಯಿಸುವ ಒಂದು ವಿಷಯ ಎಂಜಿನ್ನಿನ ಬ್ಲಾಕ್, ಅಂದರೆ ಪಿಸ್ಟನ್ ಓಡಾಡುವ ಭಾಗ. ಮಾಮೂಲಿ ಬೈಕಿನ ಬ್ಲಾಕ್ ಒಳಗೆ ಕಬ್ಬಿಣದ ಕೊಳವೆ (ಸ್ಲೀವ್) ಇರುತ್ತದೆ. ಸವೆದರೆ ಬೋರ್ ಮಾಡಿಸಿ ದೊಡ್ಡ ಪಿಸ್ಟನ್ ಹಾಕುತ್ತಾರೆ. ಆರ್‌15ರ ಬ್ಲಾಕ್ ಹಾಗಲ್ಲ. ಶೇ 20ರಷ್ಟು ಸಿಲಿಕಾನ್ ಬೆರೆತ ಅಲ್ಯೂಮಿನಿಯಂನಲ್ಲೇ ಇಡೀ ಬ್ಲಾಕ್ ಎರಕ ಹೊಯ್ದಿರುತ್ತಾರೆ. ಇದಕ್ಕೆ ಡಯಾಸಿಲ್ ಎನ್ನುತ್ತಾರೆ. ಬಿಸಿ ಬೇಗ ಹೊರಹೋಗುತ್ತದೆ, ಸವೆತ ತೀರಾ ನಿಧಾನ. ಆದರೆ ಒಮ್ಮೆ ಗೀರು ಬಿದ್ದರೆ ಬೋರ್ ಮಾಡಿಸುವ ದಾರಿ ಇಲ್ಲ, ಬ್ಲಾಕ್ ಪಿಸ್ಟನ್ ಎರಡೂ ಹೊಸದು ಹಾಕಬೇಕು. ಹಾಗಾಗಿ ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಕಂಡರೆ ಆ ಖರ್ಚನ್ನು ಬೆಲೆಯಿಂದ ಕಳೆಯಿರಿ, ಇಲ್ಲವೇ ಬಿಟ್ಟುಬಿಡಿ.

ಬ್ಲಾಕಿಗೆ ಗೀರು ಬೀಳುವುದು ಸಾಮಾನ್ಯವಾಗಿ ಬಿಸಿಯಿಂದ. ಕೂಲೆಂಟ್ ಡಬ್ಬಿ ತೆರೆದು ನೋಡಿ. ಬಣ್ಣದ ದ್ರವ ಇರಬೇಕು. ತುಕ್ಕಿನ ಬಣ್ಣದ ನೀರು ಇದ್ದರೆ ಯಾರೋ ನಲ್ಲಿ ನೀರು ತುಂಬಿ ಓಡಿಸಿದ್ದಾರೆ. ಎಂಜಿನ್ ಆನ್ ಮಾಡಿ ನಿಂತಲ್ಲೇ ಬಿಸಿಯಾಗಲು ಬಿಡಿ. ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗಬೇಕು.

ಆಮೇಲೆ ಫೇರಿಂಗ್. ಹೊಳೆಯುವ ಹೊಸ ಫೇರಿಂಗ್ ನೋಡಿ ಮರುಳಾಗಬೇಡಿ. ಹಳೆಯ ಗಾಡಿಗೆ ಹೊಸ ಫೇರಿಂಗ್ ಹಾಕಿದ್ದಾರೆ ಅಂದರೆ ಹಳೆಯದು ಒಡೆದಿರಬೇಕು. ಒಂದು ಪಕ್ಕ ಬಿಚ್ಚಿ ತೋರಿಸಲು ಹೇಳಿ. ಫ್ರೇಮಿನ ತೊಲೆಯ ಮೇಲೆ ಬಣ್ಣ ಬಿರುಕು ಬಿಟ್ಟಿದೆಯಾ, ರೇಡಿಯೇಟರ್ ರೆಕ್ಕೆಗಳು ಮಡಚಿವೆಯಾ ನೋಡಿ. ತೋಟದ ಶೆಡ್‌ನಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯಾದರೆ ಫೇರಿಂಗ್ ಒಳಗೆ ಇಲಿ ಗೂಡು ಕಟ್ಟಿ ವೈರ್ ಕಡಿದಿರುವ ಸಾಧ್ಯತೆ ಇದೆ. ಇಂಜೆಕ್ಷನ್ ಗಾಡಿಯ ವೈರಿಂಗ್ ರಿಪೇರಿ ಸಣ್ಣ ಕೆಲಸ ಅಲ್ಲ. ನಿಂತ ಗಾಡಿಗೆ ಇನ್ನೊಂದು ತೊಂದರೆ ಪೆಟ್ರೋಲ್. ಈಗ ಬಂಕ್‌ನಲ್ಲಿ ಸಿಗುವುದು ಎಥೆನಾಲ್ ಬೆರೆತದ್ದು. ಎಥೆನಾಲ್ ಗಾಳಿಯ ತೇವ ಹೀರುತ್ತದೆ, ನಮ್ಮ ಮಳೆಗಾಲದಲ್ಲಿ ತೇವಕ್ಕೆ ಬರವಿಲ್ಲ. ವಿ1, ವಿ2 ತಯಾರಾದ ಕಾಲದಲ್ಲಿ ಪೆಟ್ರೋಲಿನಲ್ಲಿ ಇಷ್ಟು ಎಥೆನಾಲ್ ಇರಲಿಲ್ಲ. ಅವನ್ನು ಕೊಂಡರೆ ಪೆಟ್ರೋಲ್ ಪೈಪು, ರಬ್ಬರ್ ಸೀಲುಗಳನ್ನು ಮೊದಲೇ ಬದಲಿಸಿ.

ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್, ಅಂದರೆ ಕೋನ್ ಸೆಟ್, ಮರೆಯಬೇಡಿ. ಮುಂದಿನ ಚಕ್ರ ಎತ್ತಿಸಿ ಹ್ಯಾಂಡಲನ್ನು ನಿಧಾನವಾಗಿ ಆ ಕಡೆ ಈ ಕಡೆ ತಿರುಗಿಸಿ. ಮಧ್ಯದಲ್ಲಿ ಹಿಡಿದಂತಾದರೆ ಹೊಂಡದ ರಸ್ತೆ ತನ್ನ ಕೆಲಸ ಮಾಡಿದೆ ಎಂದರ್ಥ.

ಇನ್ನು ಕಾಗದ. ವಿ2ಗೆ ವಿ3ರ ಬಾಡಿ ಕಿಟ್ ಹಾಕಿ ಮಾರುವವರೂ ಇದ್ದಾರೆ. ಆರ್‌ಸಿಯಲ್ಲಿ ಸಿಸಿ ನೋಡಿ, 149 ಎಂದಿದ್ದರೆ ಅದು ವಿ3 ಅಲ್ಲ. ತಯಾರಾದ ತಿಂಗಳು, ವರ್ಷ ನೋಡಿ. ಎಬಿಎಸ್ ಇರುವ ವಿ3ರಲ್ಲಿ ಕೀ ಆನ್ ಮಾಡಿದಾಗ ಮೀಟರಿನಲ್ಲಿ ಎಬಿಎಸ್ ದೀಪ ಹತ್ತಬೇಕು, ಗಾಡಿ ಹೊರಟ ಮೇಲೆ ಆರಬೇಕು. ಹತ್ತದೇ ಇದ್ದರೂ ದೋಷ, ಆರದೇ ಇದ್ದರೂ ದೋಷ. 2019ರ ಏಪ್ರಿಲ್‌ಗೆ ಮುಂಚಿನ ನೋಂದಣಿಯಾದರೆ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಹಾಕಿಸಿದ್ದಾರಾ ನೋಡಿ. ಹೆಸರು ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡು ಮನೆಯಲ್ಲಿ ಇಟ್ಟುಕೊಳ್ಳುವುದಲ್ಲ, ಕೂಡಲೇ ಹೆಸರು ಬದಲಾಯಿಸಿ.

ಯಾರಿಗೆ ಯಾವುದು

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ಇದ್ದು, ಒಂಟಿಯಾಗಿ ಓಡಾಡುವವರಾದರೆ 2019ರಿಂದ 2021ರವರೆಗಿನ ಎಬಿಎಸ್ ಇರುವ ವಿ3 ಹುಡುಕಿ. ಅದರಲ್ಲೂ 2019ರಲ್ಲೇ ತಯಾರಾದ ಬಿಎಸ್4 ಗಾಡಿ ಸಿಕ್ಕರೆ ನನಗೆ ಅದೇ ಮೊದಲ ಆಯ್ಕೆ. 19.3 ಪಿಎಸ್ ಪೂರ್ತಿ ಇದೆ, ಎರಡೂ ಚಕ್ರಕ್ಕೆ ಎಬಿಎಸ್ ಇದೆ, 139 ಕೆಜಿ. ಹಿಂದೆ ಒಂದು ಒಳ್ಳೆಯ ರೇಡಿಯಲ್ ಟೈರು ಹಾಕಿಸಿದರೆ ಸಾಕು. ಅದು ಸಿಗದಿದ್ದರೆ ಬಿಎಸ್6 ವಿ3.

ದುಡ್ಡಿಗೆ ಕೊರತೆ ಇಲ್ಲ, ವರ್ಷವಿಡೀ ಮಳೆ ಬಿಸಿಲು ಎನ್ನದೆ ಓಡಿಸಬೇಕು, ಗಾಡಿ ಓಡಿಸುವವರು ಇನ್ನೂ ಹೊಸಬರು ಎಂದಾದರೆ ವಿ4. ಟ್ರಾಕ್ಷನ್ ಕಂಟ್ರೋಲ್ ಒಂದಕ್ಕೇ ಆ ಹೆಚ್ಚಿನ ಬೆಲೆ ಕೊಡಬಹುದು. ಮಗನಿಗೋ ಮಗಳಿಗೋ ಮೊದಲ ಬೈಕು ಕೊಡಿಸುವ ಅಪ್ಪ ಅಮ್ಮಂದಿರು ಇದನ್ನು ಯೋಚಿಸಬೇಕು.

ಮನೆಗೊಂದೇ ಬೈಕು, ಹಿಂದೆ ದಿನವೂ ಯಾರಾದರೂ ಕೂರುತ್ತಾರೆ ಎಂದರೆ ಆರ್‌15 ಎಸ್. 2021ರ ಕೊನೆಗೆ ವಿ3ರ ಮೇಲೂ ಒಂದೇ ಸೀಟಿನ ಎಸ್ ಮಾದರಿ ಬಂದಿದೆ, ಅದರಲ್ಲಿ ಎಬಿಎಸ್ ಕೂಡ ಇದೆ. ಸಿಕ್ಕರೆ ಅದನ್ನೇ ಹಿಡಿಯಿರಿ.

ಹಾಸನದ ಮಲ್ನಾಡ್ ಕಾಲೇಜಿಗೆ ಹೋಗಿಬರುವುದು, ರಜೆಗೆ ಹೆದ್ದಾರಿಯಲ್ಲಿ ಬೆಂಗಳೂರು, ಇಷ್ಟೇ ಎನ್ನುವವರಿಗೆ ಒಳ್ಳೆಯ ಸ್ಥಿತಿಯ ವಿ2 ಕೂಡ ಸಾಕು. ಉದ್ದನೆಯ ಗಾಡಿ, ನೇರ ರಸ್ತೆಯಲ್ಲಿ ಸ್ಥಿರ. ಮಳೆಗಾಲದಲ್ಲಿ ಶಿರಾಡಿ ಇಳಿಯುವ ಯೋಚನೆ ಇದ್ದರೆ ಮಾತ್ರ ಬೇಡ.

ವಿ1ನ್ನು ಇಷ್ಟಪಟ್ಟು ಕೊಳ್ಳಬೇಕು. ದಿನದ ಓಡಾಟಕ್ಕೆ ಬೇರೆ ಗಾಡಿ ಇರಲಿ. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ, ರಸ್ತೆ ಒಣಗಿರುವಾಗ, ಬೆಳಗ್ಗೆ ಬೇಗ ಎದ್ದು ಬಾಬಾಬುಡನ್‌ಗಿರಿಯ ಕಡೆ ಹೋಗಿಬರಲು ಅಷ್ಟು ಹಗುರವಾದ, ಅಷ್ಟು ಮಾತು ಕೇಳುವ ಗಾಡಿ ಇವತ್ತಿಗೂ ಅಪರೂಪ.

ಕೊನೆಯದಾಗಿ ಟೆಸ್ಟ್ ರೈಡ್. ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಿ ಒಂದು ಸುತ್ತು ಹೊಡೆದರೆ ಏನೂ ಗೊತ್ತಾಗುವುದಿಲ್ಲ. ಮಾರುವವರನ್ನು ಕೇಳಿ ಕೈಮರದವರೆಗೆ ಓಡಿಸಿ, ಅಲ್ಲಿಂದ ಮೇಲೆ ಕೆಲವು ತಿರುವು ಹತ್ತಿ. ಎರಡನೇ ಗೇರಿನಲ್ಲಿ ಎಳೆತ ನೋಡಿ. ಇಳಿಯುವಾಗ ಹಿಂದೆ ಮುಂದೆ ಯಾರೂ ಇಲ್ಲದ ನೇರ ಜಾಗದಲ್ಲಿ, ಕಡಿಮೆ ವೇಗದಲ್ಲಿ, ಎರಡೂ ಬ್ರೇಕ್ ಒಟ್ಟಿಗೆ ಗಟ್ಟಿಯಾಗಿ ಹಿಡಿಯಿರಿ. ಗಾಡಿ ಒಂದು ಕಡೆ ಎಳೆದರೆ ಫೋರ್ಕ್ ಅಥವಾ ಫ್ರೇಮ್ ಸೊಟ್ಟಗಾಗಿರಬಹುದು. ಹಿಂದೆ ಕೂರುವವರು ಯಾರೋ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಸೀಟು ಹೇಗಿದೆ ಎಂದು ಅವರೇ ಹೇಳಲಿ.